ಐದನೇ ಹಾಡು ಯಾರ ಮೇಲೆ

ಗಿರಣಿಯವನನ್ನು ಸಂಶಯದಿಂದ ನೋಡುವುದು ನಮ್ಮ ಊರು ಮೊರಬದಲ್ಲಿ ಯಾರಿಗೂ ತಪ್ಪೆನಿಸುವುದಿಲ್ಲ. ಜೋಳದ ಡಬ್ಬಿ ಹೊತ್ತು ತಂದ ಹೆಣ್ಣುಮಗಳು ಹಿಟ್ಟು ಬೀಳುವ ಬಟ್ಟೆಯ ತೋಳಿನ ಪಕ್ಕದಲ್ಲೇ ಕೂರುತ್ತಾಳೆ, ಕಣ್ಣು ಅತ್ತಿತ್ತ ಸರಿಸುವುದಿಲ್ಲ. ಬೀಸಿ ಮುಗಿದ ಮೇಲೆ ಆ ತೋಳಿಗೆ ಅಂಗೈಯಿಂದ ಪಟಪಟ ನಾಲ್ಕು ಏಟು ಹಾಕುತ್ತಾಳೆ, ಒಳಗೆ ಅಂಟಿದ ಹಿಟ್ಟೂ ತನ್ನ ಡಬ್ಬಿಗೇ ಬೀಳಲಿ ಎಂದು. ಅಷ್ಟಾದ ಮೇಲೂ ಡಬ್ಬಿಯನ್ನು ಒಮ್ಮೆ ಎತ್ತಿ ನೋಡಿ, ಉಳಿದದ್ದೆಲ್ಲಿ ಎಂದು ಕೇಳದೆ ಹೋಗುವವರು ಕಡಿಮೆ. ಮೊದಲು ಗಿರಣಿ ನಡೆಸುತ್ತಿದ್ದ ಅಪ್ಪನನ್ನೂ ಕೇಳುತ್ತಿದ್ದರು, ಈಗ ನನ್ನನ್ನೂ ಕೇಳುತ್ತಾರೆ.

ನಾನು ಯಾರದೂ ಒಂದು ಹಿಡಿ ಹಿಟ್ಟು ಕದ್ದವನಲ್ಲ. ಆದರೆ ದಿನವಿಡೀ ಸಂಶಯದ ಕಣ್ಣಿನ ಕೆಳಗೆ ಕೆಲಸ ಮಾಡುವವನು ಕೊನೆಗೆ ತಾನೂ ಸಂಶಯದ ಮನುಷ್ಯನಾಗುತ್ತಾನೆ. ಕಟ್ಟೆಯ ಮೇಲೆ ಇಬ್ಬರು ನಕ್ಕರೆ ನನ್ನ ಮೇಲೇ ನಕ್ಕರು ಅನಿಸುತ್ತದೆ. ಹೆಂಡತಿ ಫೋನಿನಲ್ಲಿ ದನಿ ತಗ್ಗಿಸಿದರೆ ತವರಿಗೆ ನನ್ನ ಚಾಡಿ ಹೋಗುತ್ತಿದೆ ಅಂದುಕೊಳ್ಳುತ್ತೇನೆ. ಇದು ನನ್ನ ಸ್ವಭಾವ, ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆಯಲಾಗುವುದಿಲ್ಲ.

ನನಗೊಬ್ಬಳು ತಂಗಿ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಹಾಡುವುದು ಅವಳ ಇನ್ನೊಂದು ಕೆಲಸ. ಹಾಡು ಅಂದರೆ ಭಜನೆಯಲ್ಲ, ಭಾವಗೀತೆಯೂ ಅಲ್ಲ. ರೇಜ್ ರ್‍ಯಾಪ್ ಅನ್ನುತ್ತಾರಂತೆ. ಸಿಟ್ಟೇ ಅದರ ರಾಗ. ಮಾತು ಮಾತಿಗೆ ಗುದ್ದಿಕೊಂಡು ಬರುತ್ತದೆ, ಹಾಡಿನ ಕೆಳಗೆ ಗುಡುಗುವ ದಪ್ಪ ಸದ್ದನ್ನು ಸ್ಪೀಕರ್ ಒಡೆದಂತೆ ಕೇಳಲೆಂದು ಬೇಕೆಂದೇ ಹರಿದಿರುತ್ತಾರೆ. ಇದು ತಿಳಿಯುವ ಮೊದಲು ನಾನು ಗಿರಣಿಯ ಸ್ಪೀಕರ್ ಕೆಟ್ಟಿತೆಂದು ಅಣ್ಣಿಗೇರಿಗೆ ಒಯ್ದಿದ್ದೆ. ರಿಪೇರಿಯವನು ಬಿಚ್ಚಿ ನೋಡಿ, ಬೇರೆ ಹಾಡು ಹಾಕಿ ನೋಡಿ, ಸ್ಪೀಕರ್ ಚೆನ್ನಾಗಿದೆ, ಹಾಡೇ ಹಾಗಿದೆ ಎಂದು ಹಿಂದಕ್ಕೆ ಕೊಟ್ಟ. ಅವನೂ ನನ್ನನ್ನು ನೋಡಿ ನಕ್ಕಂತೆ ಕಂಡಿತು.

ಹೋದ ವರ್ಷ ಅವಳ ಆಲ್ಬಂ ಬಂತು. ಎಂಟು ಹಾಡು. ನಾಲ್ಕೈದು ದಿನದಲ್ಲಿ ಊರಿನ ಎಲ್ಲ ಫೋನಿನಲ್ಲಿ ಅದೇ. ಟ್ರ್ಯಾಕ್ಟರಿನಲ್ಲಿ ಅದೇ. ಎಂಟೂ ಹಾಡುಗಳಲ್ಲಿ ಅವಳು ಯಾರಿಗೋ ಬೈಯುತ್ತಾಳೆ. ಯಾರಿಗೆ ಎಂದು ಒಂದು ಕಡೆಯೂ ಹೇಳುವುದಿಲ್ಲ. ಐದನೇ ಹಾಡಿನಲ್ಲಂತೂ ಒಂದೇ ಮಾತು ತಿರುಗಿ ತಿರುಗಿ ಬರುತ್ತದೆ:

‘ಕೈಯಾಗ ಕೊಟ್ಟಿದ್ದರು, ಕಾಯಲಿಲ್ಲ ನೀ,
ಉಳಿದದ್ದೆಲ್ಲಿ, ಉಳಿದದ್ದೆಲ್ಲಿ, ಹೇಳ ನೀ.’

ಅದರ ಹಿಂದೆ ತಾಳವಾಗಿ ಪಟಪಟ ಸದ್ದು. ನಮ್ಮ ಗಿರಣಿಯ ಬಟ್ಟೆಯ ತೋಳಿಗೆ ಹೆಂಗಸರು ಹಾಕುವ ಏಟು ಅದು, ಊರಿನ ಕೂಸಿಗೂ ಗುರುತು ಸಿಗುವಂಥದ್ದು. ಇನ್ನೇನು ಬೇಕು. ಗಿರಣಿಯವ ಹಿಟ್ಟು ಕದಿಯುವುದನ್ನು ಅವನ ತಂಗಿಯೇ ಹಾಡಿ ಹೇಳಿದ್ದಾಳೆ ಎಂದು ಊರು ತೀರ್ಮಾನಿಸಿತು. ನಮ್ಮ ಓಣಿಯ ಒಬ್ಬ ಅಜ್ಜಿ ಜೋಳದ ಜೊತೆಗೆ ತನ್ನದೇ ತಕ್ಕಡಿಯನ್ನೂ ತಂದಳು. ಯಾಕಬೇ ಅಂದರೆ, ಏನೂ ಮುಚ್ಚುಮರೆಯಿಲ್ಲದೆ ಹೇಳಿದಳು: "ನಿನ್ನ ತಂಗೀನ ಹೇಳ್ಯಾಳಲ್ಲಪಾ, ನಾ ಏನ್ ಹೊಸಾದು ಹೇಳಾಕತ್ತಿಲ್ಲ."

ನಾನು ಸಿಟ್ಟಿಗೆದ್ದೆ, ತಕ್ಕಡಿ ಹೊರಗಿಡು ಅಂದೆ. ಅಜ್ಜಿ ಡಬ್ಬಿಯನ್ನೂ ಎತ್ತಿಕೊಂಡು ಇನ್ನೊಂದು ಗಿರಣಿಗೆ ಹೋದಳು. ಅವಳ ಹಿಂದೆ ಇನ್ನೂ ನಾಲ್ಕು ಮನೆಯವರು ಹೋದರು. ಹೆಂಡತಿ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಹಿಟ್ಟಿನ ಮಾತಲ್ಲ. ಹಿಟ್ಟಿನ ವಿಷಯದಲ್ಲಿ ನಾನು ಶುದ್ಧ. ನಾನು ಕದ್ದದ್ದು ಬೇರೆ, ಅದು ಊರಿಗೆ ಗೊತ್ತಿರಲಿಲ್ಲ. ತಂಗಿಗೆ ಗೊತ್ತಾಗಿದೆಯೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ. ಗೊತ್ತಾಗಿದ್ದರೆ ನನಗೆ ತಂಗಿ ಉಳಿಯುವುದಿಲ್ಲ, ಅಪ್ಪ ಅವ್ವ ಹೋದ ಮೇಲೆ ನನ್ನ ಬಳಗವೆಂದರೆ ಅವಳೊಬ್ಬಳೇ.

ಅವಳು ನವಲಗುಂದದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗಲೇ ಈ ಹುಚ್ಚು ಹತ್ತಿತ್ತು. ಇಂಟರ್ನೆಟ್‌ನಿಂದ ಯಾವುದೋ ತಾಳದ ಬೀಟ್ ಇಳಿಸಿಕೊಂಡು ಅದರ ಮೇಲೆ ಕೂಗುವುದು. ಮನೆಯಲ್ಲಿ ಕೂಗಿದರೆ ಅವ್ವ ಬೈಯುತ್ತಾಳೆಂದು ಗಿರಣಿಗೆ ಬಂದು, ಮಷೀನು ಓಡುವಾಗ ಅದರ ಸದ್ದಿನೊಳಗೆ ನಿಂತು ಕೂಗುತ್ತಿದ್ದಳು. ಯಾರಿಗೂ ಕೇಳಿಸದು. ಆದರೆ ಗಿರಣಿಯವನಿಗೆ ತುಟಿ ನೋಡಿ ಮಾತು ತಿಳಿಯುವ ಅಭ್ಯಾಸ ಇರುತ್ತದೆ. ಆ ಹಾಡುಗಳಲ್ಲಿ ಅವಳೆಂದೂ ಕೂರದ ಕಾರಿತ್ತು, ಎಂದೂ ನೋಡದ ಬಂದೂಕಿತ್ತು, ಇಲ್ಲದ ವೈರಿಗಳಿದ್ದರು. ನುಚ್ಚಿನ ಹಾಗೆ ಒರಟು, ಒಂದಕ್ಕೊಂದು ಸೇರದು. ನಾನು ನಗುತ್ತಿದ್ದೆ. ಅವಳು ನನ್ನ ನಗುವನ್ನು ನೋಡಿ ಇನ್ನೂ ಜೋರಾಗಿ ಕೂಗುತ್ತಿದ್ದಳು. ಆಗ ನಮ್ಮಿಬ್ಬರ ನಡುವೆ ಏನೂ ಕೆಟ್ಟಿರಲಿಲ್ಲ.

ಅವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಕುಂದಗೋಳದ ಕಡೆಯಿಂದ ತಂಗಿಯನ್ನು ನೋಡಲು ಬರುವವರಿದ್ದರು, ಒಳ್ಳೆಯ ಮನೆತನ. ಅದೇ ವಾರ ಒಂದು ಮಧ್ಯಾಹ್ನ ಅವಳು ನವಲಗುಂದದಿಂದ ಬಸ್ಸಿನಲ್ಲಿ ಬಂದು, ಚೀಲವನ್ನು ಗಿರಣಿಯ ಮೊಳೆಗೆ ತೂಗುಹಾಕಿ, ನೀರು ಕುಡಿಯಲು ಮನೆಯೊಳಗೆ ಹೋದಳು. ಚೀಲದ ಬಾಯಲ್ಲಿ ಫೋನು ಕಾಣುತ್ತಿತ್ತು. ಅವಳು ಫೋನು ತೆರೆಯುವಾಗ ಬೆರಳು ಹೇಗೆ ಓಡುತ್ತದೆಂದು ನಾನು ದೂರದಿಂದಲೇ ಕಲಿತಿದ್ದೆ, ಹಾಗೆ ಕಲಿಯುವ ಬುದ್ಧಿ ನನ್ನದು. ಯಾರದಾದರೂ ಫೋಟೋ ಇದೆಯೇನೋ ಎಂಬ ಸಂಶಯಕ್ಕೆ ತೆರೆದೆ. ಫೋಟೋ ಇರಲಿಲ್ಲ. ರೆಕಾರ್ಡ್ ಮಾಡಿದ ಹಾಡುಗಳ ಉದ್ದನೆಯ ಪಟ್ಟಿ ಇತ್ತು. ಮೇಲಿನದನ್ನು ಕಿವಿಗೆ ಹಿಡಿದೆ. ಹೆಣ್ಣುಮಗಳ ಬಾಯಲ್ಲಿ ಬರಬಾರದ ಬೈಗುಳ, ಅದೂ ನನ್ನ ತಂಗಿಯ ದನಿಯಲ್ಲಿ. ಅರ್ಧ ನಿಮಿಷಕ್ಕೆ ನಿಲ್ಲಿಸಿದೆ. ನೋಡಲು ಬರುವವರ ಕಿವಿಗೆ ಇದು ಬಿದ್ದರೆ ಮುಗಿಯಿತು ಅಂದುಕೊಂಡೆ. ಫೋನು ಹೋದರೆ ಹುಚ್ಚೂ ಹೋಗುತ್ತದೆ ಎಂದೂ ಅಂದುಕೊಂಡೆ. ಫೋನನ್ನು ಕಿಸೆಗೆ ಹಾಕಿಕೊಂಡು, ಸಂಜೆ ಬೈಕಿನಲ್ಲಿ ಹೊಲಕ್ಕೆ ಹೋಗಿ ಕೃಷಿ ಹೊಂಡದ ನಡುನೀರಿಗೆ ಒಗೆದು ಬಂದೆ.

ಬಸ್ಸಿನಲ್ಲಿ ಬಿದ್ದಿರಬೇಕು ಎಂದು ನಾನೇ ಮೊದಲು ಹೇಳಿದೆ. ಅವಳು ಒಪ್ಪಿಕೊಂಡಳು, ಬಸ್ಸಿನಲ್ಲಿ ನಿದ್ದೆ ಹತ್ತಿತ್ತು ಅಂದಳು. ಮರುದಿನ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಸ್ ಡಿಪೋಗೆ ಹೋದವನೂ ನಾನೇ. ಮೂರು ಸಲ ಹೋದೆವು. ಕಂಡಕ್ಟರನನ್ನು ನಾನೇ ಜೋರು ಮಾಡಿ ಕೇಳಿದೆ, ಪಾಪ ಅವನು ಸೀಟಿನ ಕೆಳಗೆಲ್ಲ ಬಗ್ಗಿ ಹುಡುಕಿದ. ಅವಳು ಡಿಪೋದ ಕಟ್ಟೆಯ ಮೇಲೆ ಕೂತು ಅತ್ತ ಅಳು ನೋಡಿ ನನಗೆ ಬೇರೆಯೇ ಸಂಶಯ ಬಂತು. ಅವ್ವ ಸತ್ತಾಗಲೂ ಇಷ್ಟು ಅಳದವಳು ಒಂದು ಫೋನಿಗೆ ಇಷ್ಟೇಕೆ ಅಳುತ್ತಾಳೆ, ಇದರಲ್ಲಿ ಯಾವನೋ ಇದ್ದಾನೆ ಅಂದುಕೊಂಡೆ. ಒಗೆದದ್ದೇ ಒಳ್ಳೆಯದಾಯಿತು ಎಂದು ಸಮಾಧಾನಪಟ್ಟೆ. ಅದಕ್ಕಿಂತ ದೊಡ್ಡ ಫೋನು ಕೊಡಿಸಿದೆ. ಅವಳು ಅದನ್ನು ತೆಗೆದುಕೊಂಡಳು, ಸಂತೋಷ ತೋರಿಸಲಿಲ್ಲ. ಕುಂದಗೋಳದವರು ಬಂದರು, ಅವಲಕ್ಕಿ ತಿಂದರು, ಹೋದರು. ಮಾತು ಅಲ್ಲಿಗೇ ನಿಂತಿತು.

ಆಮೇಲೆ ಅವಳು ಆರು ತಿಂಗಳು ಹಾಡಲಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಹಿಡಿದಳು. ಹುಚ್ಚು ಬಿಟ್ಟಿತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಒಂದು ದಿನ ಒಂದೇ ಒಂದು ಹಾಡು ಬಂತು. ಅದರಲ್ಲಿ ಕಾರಿಲ್ಲ, ಬಂದೂಕಿಲ್ಲ. ಮೂರು ನಿಮಿಷ ಬರೀ ಸಿಟ್ಟು, ಗಂಟಲು ಹರಿದು ಕೊನೆಯ ಸಾಲು ಹೊರಗೇ ಬರುವುದಿಲ್ಲ. ನನಗೆ ಮೊದಲ ಸಲ ಅವಳ ದನಿ ಕೇಳಿ ಹೆದರಿಕೆಯಾಯಿತು. ಹೊಟ್ಟೆಯೊಳಗಿನದು ಈಗ ಹೊರಗೆ ಬರುತ್ತಿದೆ, ಇದಕ್ಕೆ ಏನೋ ಕಾರಣ ಇದೆ ಅನಿಸಿತು. ಕಾರಣ ನಾನೇ ಇರಬಹುದೆಂದು ಹೊಳೆದದ್ದೂ ಆಗಲೇ.

ಅಲ್ಲಿಂದ ಅವಳು ರವಿವಾರ ರವಿವಾರ ಊರಿಗೆ ಬರತೊಡಗಿದಳು. ಬಂದವಳು ಊಟ ಮಾಡಿ ಅತ್ತಿಗೆಯ ಜೊತೆ ಕೂರುವುದು ಬಿಟ್ಟು ಗಿರಣಿಯಲ್ಲಿ ನಿಲ್ಲುತ್ತಿದ್ದಳು. ಕೈಯಲ್ಲೊಂದು ಸಣ್ಣ ರೆಕಾರ್ಡರ್. ಬೆಲ್ಟು ಹೊಡೆದುಕೊಳ್ಳುವ ಸದ್ದು, ಕಲ್ಲು ತಿರುಗುವ ಸದ್ದು, ಪಾಳಿಗಾಗಿ ಜಗಳಾಡುವ ಹೆಂಗಸರ ಸದ್ದು, ಎಲ್ಲ ಹಿಡಿದುಕೊಳ್ಳುತ್ತಿದ್ದಳು. ನನಗೆ ಅದು ಬೀಟಿಗೆ ಎಂದಳು. ಬೀಟಿಗೋ, ನನ್ನ ಬಾಯಿಂದ ಏನಾದರೂ ಜಾರುತ್ತದೆಂದು ಕಾಯುತ್ತಿದ್ದಾಳೋ ಯಾರಿಗೆ ಗೊತ್ತು. ಅವಳು ಇದ್ದಷ್ಟು ಹೊತ್ತು ನಾನು ಮಾತು ಕಡಿಮೆ ಮಾಡಿದೆ. ಒಮ್ಮೆ ಅವಳು ಹೊಲಕ್ಕೆ ಹೋಗಿ ಬರುತ್ತೇನೆ ಅಂದಾಗ ಹೊಂಡದಲ್ಲಿ ಹಾವಿದೆ ಎಂದು ಸುಳ್ಳು ಹೇಳಿ ತಡೆದೆ. ಬೇಸಿಗೆಯಲ್ಲಿ ಹೊಂಡದ ನೀರು ಇಳಿದಾಗ ಒಬ್ಬನೇ ಹೋಗಿ ಕೆಸರನ್ನು ಕೋಲಿನಿಂದ ಕೆದಕಿ ನೋಡಿದ್ದೂ ಉಂಟು. ಕಪ್ಪು ಕೆಸರು, ಏನೂ ಸಿಗಲಿಲ್ಲ.

ಹೀಗೆ ಎರಡು ವರ್ಷ ಸದ್ದು ಕೂಡಿಸಿ ಅವಳು ಆ ಎಂಟು ಹಾಡು ಮಾಡಿದ್ದು. ನಾನು ಅವನ್ನು ಕೇಳಿದ ರೀತಿಯಲ್ಲಿ ಇನ್ನಾರೂ ಕೇಳಿರಲಾರರು, ಪೊಲೀಸರು ಹೇಳಿಕೆ ಓದಿದಂತೆ ಒಂದೊಂದು ಸಾಲನ್ನೂ ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಆರನೇ ಹಾಡಿನಲ್ಲಿ ಮಲಗಿದವರಿಗೆ ಬೈಗುಳ ಇದೆ. ನಾನು ಊಟವಾದ ಮೇಲೆ ಗಿರಣಿಯ ಚೀಲದ ಮೇಲೆ ಒಂದು ತಾಸು ಮಲಗುವವನು, ಅದೂ ನನಗೇ ಅಂದುಕೊಂಡೆ. ಐದನೆಯದರ ಕೈಯಲ್ಲಿ ಕೊಟ್ಟದ್ದು ಅಂದರೆ ಅವಳೇ, ಅಪ್ಪ ಅವ್ವ ಅವಳನ್ನು ನನ್ನ ಕೈಯಲ್ಲಿ ಕೊಟ್ಟು ಹೋಗಿದ್ದರಲ್ಲ. ಕಾಯಲಿಲ್ಲ ನೀ. ಎಲ್ಲ ಸರಿಯಾಗಿ ನನ್ನ ಮೈಗೇ ಹೊಂದುತ್ತಿತ್ತು.

ಸಿಟ್ಟಿನಲ್ಲೂ ಒಂದು ಮಾತು ಒಪ್ಪಿಕೊಳ್ಳಬೇಕು, ಅವಳು ಬೆಳೆದಿದ್ದಳು. ಮೊದಲಿನ ನುಚ್ಚು ಈಗ ಸಣ್ಣ ಹಿಟ್ಟಾಗಿತ್ತು. ಎಲ್ಲಿ ಕೂಗಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂದು ತಿಳಿದಿತ್ತು. ಮಷೀನು ಪೂರ್ತಿ ಜೋರಿನಲ್ಲಿ ಓಡುವ ಸದ್ದಿನಿಂದ ಮೊದಲ ಹಾಡು ಶುರುವಾದರೆ, ಕೊನೆಯದರಲ್ಲಿ ಅದೇ ಮಷೀನು ಬಂದ್ ಆಗಿ ಕಲ್ಲು ಮೆಲ್ಲಗೆ ನಿಲ್ಲುತ್ತದೆ. ಆಮೇಲೆ ಅವಳ ದನಿ ಒಂದೇ, ಮಾತಾಡುವಷ್ಟೇ ಎತ್ತರದಲ್ಲಿ, ಬೀಟಿಲ್ಲದೆ ಬೈಯುತ್ತದೆ. ಇಪ್ಪತ್ತು ವರ್ಷ ಕೇಳಿದ ನನ್ನದೇ ಗಿರಣಿ ನಿಲ್ಲುವ ಸದ್ದಿನಲ್ಲಿ ಇಷ್ಟು ದುಃಖ ಇದೆಯೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ಚೆನ್ನಾಗಿ ಬೈಯಬೇಕಾದರೆ ಇವಳಿಗೆ ಎಲ್ಲವೂ ಗೊತ್ತಿರಲೇಬೇಕು ಎಂದು ನನ್ನ ಸಂಶಯ ಗಟ್ಟಿಯಾಯಿತು.

ಈ ವರ್ಷದ ಬೇಸಿಗೆಯಲ್ಲಿ, ಮೆಣಸಿನಕಾಯಿಯ ಕಾಲದಲ್ಲಿ ಅವಳು ಒಂದು ರವಿವಾರ ಬಂದಳು. ವರ್ಷದ ಖಾರಕ್ಕೆ ಊರಿನ ಹೆಂಗಸರೆಲ್ಲ ಬರುವ ದಿನಗಳು ಅವು, ತಕ್ಕಡಿಯ ಅಜ್ಜಿಯೂ ಬಂದಿದ್ದಳು, ಖಾರ ಕುಟ್ಟುವ ಯಂತ್ರ ಊರಿನಲ್ಲಿ ನನ್ನದೊಂದೇ. ತಂಗಿ ಮೂಗಿಗೆ ಓಢಣಿ ಕಟ್ಟಿಕೊಂಡು ಯಂತ್ರದ ಮುಂದೆ ರೆಕಾರ್ಡರ್ ಹಿಡಿದಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಯಿತು. ಯಂತ್ರ ನಿಂತಿತು. ಹೆಂಗಸರು ಕೆಮ್ಮುತ್ತ ಹೊರಗೆ ಬೇವಿನ ನೆರಳಿಗೆ ಹೋದರು. ಒಳಗೆ ನಾವಿಬ್ಬರೇ ಉಳಿದೆವು. ಅವಳು ಓಢಣಿ ಬಿಚ್ಚಿ, ರೆಕಾರ್ಡರನ್ನು ಚೀಲಕ್ಕೆ ಹಾಕಿ, ನನ್ನ ಎದುರು ಬಂದು ನಿಂತಳು.

"ಅಣ್ಣಾ, ನಿನಗ ಒಂದ್ ಮಾತು ಕೇಳಬೇಕಿತ್ತು. ಬಾಳ್ ದಿವಸ ಆತು, ಹೆಂಗ ಕೇಳಬೇಕಂತ ಗೊತ್ತಾಗವಲ್ದು."

ನಾಲ್ಕು ವರ್ಷ ಕಾದದ್ದು ಬಂತು ಅನಿಸಿತು. ಅವಳ ಬಾಯಿಂದ ಕೇಳಿಸಿಕೊಳ್ಳುವುದಕ್ಕಿಂತ ನಾನೇ ಹೇಳಿಬಿಟ್ಟರೆ ಮಾನ ಸ್ವಲ್ಪವಾದರೂ ಉಳಿಯುತ್ತದೆ ಎಂಬ ಲೆಕ್ಕ ನನ್ನದು.

"ಗೊತ್ತೈತಿ ಬಿಡು," ಅಂದೆ. "ಐದನೇ ಹಾಡು ಕೇಳಿದಾಗ ತಿಳೀತು ನನಗ. ಹೌದು, ಫೋನು ನಾನ ಒಗದೆ. ಹೊಂಡಕ್ಕ ಒಗದೆ. ಬೀಗರು ಬರೋರಿದ್ದರು, ಹೆದರಿದೆ. ತಪ್ಪಾತು. ಊರ ಮುಂದ ಎಂಟ ಹಾಡಿನ್ಯಾಗ ಬೈದಿ, ಇನ್ನರೆ ಸಾಕ ಮಾಡು."

ಯಾವ ಫೋನು ಎಂದು ಅವಳ ಕಣ್ಣು ಹುಡುಕುತ್ತಿತ್ತು. ಅದು ಸಿಕ್ಕ ಗಳಿಗೆ ನನಗೆ ಎದುರಿಗೇ ಕಂಡಿತು, ಮುಖದ ಬಣ್ಣವೇ ಇಳಿಯಿತು. ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಏನೇನೂ ಗೊತ್ತಿರಲಿಲ್ಲ. ಹೊರಗೆ ಹೆಂಗಸರು ಏನೋ ಮಾತಾಡಿ ನಗುತ್ತಿದ್ದರು.

ಅವಳು ಖಾರದ ಚೀಲದ ಮೇಲೆ ಕೂತಳು. ದನಿ ಏರಿಸಲಿಲ್ಲ, ಲ್ಯಾಬಿನಲ್ಲಿ ರೋಗಿಯ ಹೆಸರು ಕೇಳುವಂತೆ ಒಂದೊಂದೇ ಕೇಳಿದಳು. ಯಾವ ಹೊತ್ತಿಗೆ ತೆಗೆದೆ, ಚೀಲದಿಂದಲೇ ತೆಗೆದೆಯಾ, ಒಗೆಯುವ ಮೊದಲು ಏನೇನು ಕೇಳಿದೆ. ಮೇಲಿನದೊಂದು ಅರ್ಧ ನಿಮಿಷ ಕೇಳಿದೆ ಎಂದೆ. ಕೆಳಗಿನವು ಏನೆಂದು ನೋಡಲಿಲ್ಲವೇ ಎಂದಳು. ಇಲ್ಲ ಎಂದೆ.

ಆಗ ಹೇಳಿದಳು. ಅವ್ವ ಸಾಯುವ ವರ್ಷ, ನಾನು ಬೆಲ್ಟು ತರಲು ಅಣ್ಣಿಗೇರಿಗೆ ಹೋಗಿದ್ದ ಒಂದು ದಿನ, ಅವ್ವ ಅವಳ ಮುಂದೆ ಕೂತು ಬೀಸುವ ಪದ ಹಾಡಿದ್ದಳಂತೆ. ಇಡೀ ಮಧ್ಯಾಹ್ನ. ಅವನ್ನೆಲ್ಲ ಇವಳು ಆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳಂತೆ. ಗಿರಣಿಯವನ ಹೆಂಡತಿ ಬೀಸುವ ಪದ ಹಾಡಿದಳೆಂದರೆ ಜನ ನಗುತ್ತಾರೆ, ಈ ಪದಗಳು ಫೋನು ಬಿಟ್ಟು ಹೊರಗೆ ಹೋಗಬಾರದು ಎಂದು ಮಗಳಿಂದ ಭಾಷೆ ತೆಗೆದುಕೊಂಡಿದ್ದಳಂತೆ. ಅದಕ್ಕೇ ಅವಳು ಅವನ್ನು ಬೇರೆಲ್ಲೂ ಇಟ್ಟಿರಲಿಲ್ಲ. ನನಗೂ ಹೇಳಿರಲಿಲ್ಲ.

"ಬಸ್ಸಿನ್ಯಾಗ ನಿದ್ದಿ ಮಾಡಿ ನಾನ ಕಳದೆ ಅಂದಕೊಂಡಿದ್ದೆ," ಅಂದಳು. "ಅವ್ವ ನನ್ನ ಕೈಯಾಗ ಕೊಟ್ಟಿದ್ದಳು, ನಾ ಕಾಯಲಿಲ್ಲ ಅಂತ. ಎಂಟೂ ಹಾಡಿನ್ಯಾಗ ನಾ ಬೈದದ್ದು ನನಗ, ಅಣ್ಣಾ."

ಇಷ್ಟು ದಿನ ನಾನು ಹೆದರಿದ್ದೆಲ್ಲ ನನ್ನ ಮಾನಕ್ಕಾಗಿ. ಅವಳು ಅಷ್ಟೂ ದಿನ ತನ್ನನ್ನೇ ಗುದ್ದಿಕೊಳ್ಳುತ್ತಿದ್ದಳು, ಹೋದಲ್ಲಿ ಬಂದಲ್ಲಿ ಜನ ಅದಕ್ಕೆ ಕುಣಿಯುತ್ತಿದ್ದರು. ಒಂದು ಮಾತು ಹೇಳಿದ್ದರೆ ಆ ಗುದ್ದು ನಿಲ್ಲುತ್ತಿತ್ತು, ನಾನು ಹೇಳಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ, ಹೇಸಿಕೆಯಾಗುತ್ತದೆ.

ನೀನು ಏನು ಕೇಳಬೇಕೆಂದು ಬಂದಿದ್ದೆ ಎಂದು ಕೇಳಿದೆ, ಬೇರೇನೂ ತೋಚದೆ. "ನಿನ್ನ ದನಿ ರೆಕಾರ್ಡ್ ಮಾಡಿಕೊಳ್ಳಲೇನ ಅಂತ," ಅಂದಳು. "ಅವ್ವಂದು ಹೋತು, ನಿಂದಾದ್ರೂ ಇರಲಿ ಅಂತ."

ಆಮೇಲೆ ಅವಳು ತಲೆ ಎತ್ತಿ, ತಾನು ಹುಟ್ಟುವ ಮೊದಲು, ಅಪ್ಪ ಗಿರಣಿ ಹಾಕುವ ಮುಂಚೆ, ಅವ್ವ ಮನೆಯಲ್ಲಿ ಬೀಸುತ್ತಿದ್ದಳಲ್ಲ, ನೀನು ಕೇಳಿರಬೇಕು, ಒಂದಾದರೂ ನೆನಪಿದೆಯೇ ಎಂದು ಕೇಳಿದಳು. ಕೇಳಿದ್ದೆ. ದಿನಾ ಆ ಪದ ಕೇಳುತ್ತಲೇ ಏಳುತ್ತಿದ್ದೆ. ನಾನು ಎಂದೂ ಹಾಡಿದವನಲ್ಲ. ಕಣ್ಣು ಮುಚ್ಚಿ, ಬಂದಷ್ಟು ಹೇಳಿದೆ:

‘ಬೀಸುವ ಕೈಯಾನ ಬಳಿಯೊಂದು ಒಡದೈತಿ,
ತವರೀಗೆ ಹೇಳಬ್ಯಾಡ ತಮ್ಮಯ್ಯ.’

ಮೂರನೆಯ ಸಾಲು ಏನೆಂದು ಕೇಳಿದಳು. ಎಷ್ಟು ತಿಣುಕಿದರೂ ಬರಲಿಲ್ಲ. ಗೊತ್ತಿಲ್ಲ ಎಂದೆ.

"ಇದು ಅವ್ವಂದ ಹೌದೋ, ಈಗ ನೀ ಕಟ್ಟಿದ್ದೋ?"

"ಅವ್ವಂದ," ಅಂದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ರೆಕಾರ್ಡರ್ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಕರೆಂಟು ಬಂತು, ಯಂತ್ರ ತಾನೇ ಕುಟ್ಟತೊಡಗಿತು, ಹೆಂಗಸರು ಒಳಗೆ ಬಂದರು. ಅವಳು ಚೀಲ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಆ ಎರಡು ಸಾಲು ಅವ್ವನವೇ. ಅವಳು ನಂಬಲಿಲ್ಲ, ನಂಬು ಎಂದು ಹೇಳಲು ನನಗೆ ಬಾಯಿ ಇರಲಿಲ್ಲ.